ಕೀಲು ಯಾರದ್ದು

ಅವಳ ಕೆಲಸ ಏಣಿ ಮುರಿಯುವುದು. ಮಡಚುವ ಏಣಿಗಳನ್ನು ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಹದಿನಾರು ವರ್ಷದಿಂದ ಏಣಿಗಳ ಮೇಲೆ ಭಾರ ಹೇರುತ್ತ, ಯಂತ್ರಕ್ಕೆ ಕಟ್ಟಿ ಸಾವಿರಾರು ಸಲ ಮಡಚಿ ಬಿಡಿಸುತ್ತ, ಯಾವುದು ಎಲ್ಲಿ ಸೋಲುತ್ತದೆ ಎಂದು ಬರೆದಿಡುತ್ತಿದ್ದಳು. ಹಳೆಯ ಏಣಿಗಳ ಕೀಲು ಹನ್ನೊಂದು ಸಾವಿರ ಸಲ ಮಡಚಿದ ಮೇಲೆ ಸಡಿಲವಾಗುತ್ತದೆ, ಮೇಲೆ ನಿಂತವರ ಕಾಲಡಿಯಲ್ಲೇ ಒಂದು ದಿನ ಅದು ಮಡಚಿಕೊಳ್ಳಬಹುದು ಎಂದು ಮೊದಲು ಕಂಡವಳು ಅವಳು. ಅದಕ್ಕೆ ಮದ್ದು ಹುಡುಕಿದವಳೂ ಅವಳೇ. ಕೀಲಿನ ಉಕ್ಕಿನ ಪಿನ್ನಿಗೆ ಹಿತ್ತಾಳೆಯ ಬುಷ್ ತೊಡಿಸಿದಳು. ನೋಡಲು ಬೆರಳಿನ ಉಂಗುರಕ್ಕಿಂತ ತುಸು ಉದ್ದದ ಕೊಳವೆ, ಅಷ್ಟೇ. ಅದರ ಅಳತೆ ಸರಿಹೊಂದಲು ಎರಡು ವರ್ಷ ಹಿಡಿದಿತ್ತು.

ಆದರೆ ನಾಲ್ಕು ಜನರ ಮುಂದೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಬರೆದು ಕೊಡು ಎಂದರೆ ಹತ್ತು ಪುಟ ಬರೆಯುವಳು, ಎದ್ದು ನಿಂತು ಹೇಳು ಎಂದರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುವುದು. ಇದು ವಿಭಾಗದ ಮುಖ್ಯಸ್ಥನಿಗೆ ಚೆನ್ನಾಗಿ ಗೊತ್ತಿತ್ತು. ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮಾತಿನಮಲ್ಲ ಎನ್ನುತ್ತಿದ್ದರು. ಕಲ್ಲಿನಿಂದಲೂ ಚಪ್ಪಾಳೆ ಗಿಟ್ಟಿಸಬಲ್ಲವನು. ಅವಳು ಬರೆದದ್ದನ್ನು ಸಭೆಗಳಲ್ಲಿ ಓದಿ ಹೆಸರು ಮಾಡಿದವನು.

ಬುಷ್ ತಯಾರಾದ ವರ್ಷ ಅವನು ಅವಳನ್ನು ತನ್ನ ಕೋಣೆಗೆ ಕರೆಸಿದ.

"ವಾರ್ಷಿಕ ಸಭೆಯಲ್ಲಿ ಈ ವಿಷಯ ನೀವೇ ಹೇಳ್ಬೇಕು," ಎಂದ. "ಹೆದರಬೇಡಿ. ಊಟ ಆದ್ಮೇಲೆ, ಚಿಕ್ಕ ಕೋಣೆಯಲ್ಲಿ. ಎಂಟು ಜನ ಇರ್ತಾರೆ, ಎಲ್ರೂ ಗೊತ್ತಿರೋರೇ."

ಎಂಟು ಜನಕ್ಕೆ ಅವಳು ಹದಿನೈದು ದಿನ ಸಿದ್ಧಳಾದಳು. ಸಭೆಯ ದಿನ ಬೆಳಗ್ಗೆ ಒಂಬತ್ತೂವರೆಗೆ, ಮುನ್ನೂರು ಜನ ತುಂಬಿದ ದೊಡ್ಡ ಸಭಾಂಗಣದಲ್ಲಿ, ಎಲ್ಲರಿಗಿಂತ ಮೊದಲು ಅವನು ಮೈಕಿನಲ್ಲಿ ಕೂಗಿದ್ದು ಅವಳ ಹೆಸರನ್ನು. ವೇದಿಕೆ ಹೇಗೆ ಹತ್ತಿದಳೋ ಅವಳಿಗೇ ನೆನಪಿಲ್ಲ. ಮೈಕಿನಲ್ಲಿ ತನ್ನ ಉಸಿರು ಮಾತ್ರ ದೊಡ್ಡದಾಗಿ ಕೇಳಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಇನ್ನೊಬ್ಬರು ನಕ್ಕರು. ಮಾತಿನಮಲ್ಲ ನಿಧಾನವಾಗಿ ಬಂದು ಅವಳ ಕೈಯಿಂದ ಮೈಕು ತೆಗೆದುಕೊಂಡ.

"ನಮ್ಮ ಏಣಿಗಳೂ ಮಾತಾಡಲ್ಲ, ಅವನ್ನ ಪರೀಕ್ಷೆ ಮಾಡೋರೂ ಮಾತಾಡಲ್ಲ. ಇಬ್ರ ಪರವಾಗಿ ನಾನೇ ಮಾತಾಡ್ಬೇಕು."

ಸಭೆ ಗೊಳ್ಳೆಂದಿತು. ಅವಳು ಕೆಳಗಿಳಿದಳು. ಅವನು "ನಾನು ಯೋಚಿಸಿದ ಕೀಲು" ಎಂದು ಶುರುಮಾಡಿದ. ಎರಡು ತಿಂಗಳಲ್ಲಿ ಅವನಿಗೆ ಬಡ್ತಿ ಸಿಕ್ಕಿತು. ಅವಳಿಗೆ 'ಮೂಕೇಣಿ' ಎಂಬ ಅಡ್ಡಹೆಸರು ಸಿಕ್ಕಿತು.

ಸಭೆಯಾದ ಮೇಲಿನ ವಾರವೆಲ್ಲ ಅವಳು ಬೈದುಕೊಂಡದ್ದು ತನ್ನನ್ನೇ. ಆಮೇಲೆ ಒಂದು ಮಧ್ಯಾಹ್ನ ಸಭಾಂಗಣದ ಮೈಕಿನವನು ಊಟದ ಡಬ್ಬಿ ಹಿಡಿದು ಅವಳ ಪಕ್ಕ ಬಂದು ಕೂತ.

"ಅಕ್ಕಾ, ಹೇಳ್ಬೇಕೋ ಬೇಡ್ವೋ ಅಂತ ಎಂಟು ದಿನ ನುಂಗಿಕೊಂಡಿದ್ದೆ. ಊಟ ಆದ್ಮೇಲೆ ಚಿಕ್ಕ ಕೋಣೆ ಅನ್ನೋದು ಪಟ್ಟಿಯಲ್ಲೇ ಇರ್ಲಿಲ್ಲ. ಹಿಂದಿನ ದಿನಾನೇ ಸಾಹೇಬ್ರು ನನಗೆ ಹೇಳಿದ್ರು, ಮೊದ್ಲು ಅವಳನ್ನ ಹತ್ತಿಸ್ತೀನಿ, ಅವಳ ಕೈಲಿ ಆಗಲ್ಲ, ಒಂದು ನಿಮಿಷ ಬಿಟ್ಟು ನನ್ನ ಚಿತ್ರಗಳನ್ನ ಪರದೆಗೆ ಹಾಕು ಅಂತ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಹೊಟ್ಟೆಯಲ್ಲಿದ್ದ ನಾಚಿಕೆಯೆಲ್ಲ ಒಂದೇ ಉಸಿರಿಗೆ ಸಿಟ್ಟಾಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಒಬ್ಬ ಮನುಷ್ಯನನ್ನು ಯಂತ್ರಕ್ಕೆ ಕಟ್ಟಿ, ಎಷ್ಟನೆಯ ಸಲಕ್ಕೆ ಸಡಿಲವಾಗುತ್ತಾನೆ ಎಂದು ನೋಡಬೇಕೆನಿಸಿತು.

ಅವಳಿಗೊಬ್ಬ ಚಿಕ್ಕಮ್ಮ ಇದ್ದಳು. ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವ ಹೋಗುವ ಹೊತ್ತನ್ನು ಮೈಕಿನಲ್ಲಿ ಹೇಳಿ ನಿವೃತ್ತಳಾದವಳು. ಮನೆಯಲ್ಲಿ ಉಪ್ಪು ಕೇಳಿದರೂ ಮೂರನೆಯ ಮನೆಯವರು ಎದ್ದು ನೋಡುತ್ತಿದ್ದರು. ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನಿನಗೆ ಮಾತು ಕಲೀಬೇಕಾ, ಅವನ ಮಾನ ಕಳೀಬೇಕಾ?"

"ಮಾನ ಕಳೀಬೇಕು ಚಿಕ್ಕಮ್ಮ. ಅದಕ್ಕೆ ಮಾತು ಬೇಕು."

"ಹಂಗಾದ್ರೆ ಆತುರ ಬೇಡ. ಹಲ್ಲಿಲ್ಲದ ಹಾವು ಬುಸುಗುಟ್ಟಿದ್ರೆ ಜನ ನಗ್ತಾರೆ. ಮೊದ್ಲು ಹಲ್ಲು ಬರಲಿ."

ಪಾಠ ಅಡುಗೆಮನೆಯಲ್ಲಿ ನಡೆಯಿತು. ಮೊದಲು ಗೋಡೆಗೆ ಮುಖ ಮಾಡಿ, ಆಮೇಲೆ ಚಿಕ್ಕಮ್ಮನಿಗೆ ಬೆನ್ನು ಮಾಡಿ, ತಿಂಗಳಾದ ಮೇಲೆ ಎದುರುಬದುರು.

"ಭಯ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಗಾಡಿ ಹೊರಟುಹೋಗುತ್ತೆ," ಎನ್ನುತ್ತಿದ್ದಳು ಚಿಕ್ಕಮ್ಮ. "ನನಗೆ ಕೊನೇ ದಿನಾನೂ ಮೈಕಿನ ಗುಂಡಿ ಒತ್ತುವಾಗ ಹೊಟ್ಟೆ ಹಿಂಡ್ತಿತ್ತು. ಮೊದಲನೇ ವಾಕ್ಯ ಮಗ್ಗಿ ಥರ ಬಾಯಿಗೆ ಬರ್ಬೇಕು, ತಲೆ ಕೆಟ್ಟಿದ್ರೂ ಬರ್ಬೇಕು. ಅದಾದ್ಮೇಲೆ ಉಸಿರು ಎಳ್ಕೋಬೇಡ, ಬಿಡು. ಪೂರ್ತಿ ಬಿಡು. ಬೇಕಾದಾಗ ಅದೇ ಬರುತ್ತೆ."

ಆಮೇಲೆ ಹೊರಗಿನ ಕಲಿಕೆ. ಬಡಾವಣೆಯ ಕುಂದುಕೊರತೆ ಸಭೆಗೆ ಚಿಕ್ಕಮ್ಮ ಅವಳನ್ನು ಎಳೆದುಕೊಂಡು ಹೋದಳು. ಮೊದಲ ಸಲ ಅವಳು ಎದ್ದು "ನಮ್ಮ ಬೀದಿ ದೀಪ" ಎಂದಷ್ಟೇ ಹೇಳಿ ಕೂತಳು. ಮನೆಗೆ ಬಂದು ವಾಂತಿ ಮಾಡಿಕೊಂಡಳು. ಎರಡನೆಯ ಸಲ ವಾಕ್ಯ ಪೂರ್ತಿಯಾಯಿತು. ನಾಲ್ಕನೆಯ ಸಲಕ್ಕೆ ಅಧಿಕಾರಿ ಪೆನ್ನು ಕೆಳಗಿಟ್ಟು, "ಅಮ್ಮ, ನಾಳೆನೇ ಹಾಕಿಸ್ತೀನಿ, ಕೂತ್ಕೊಳ್ಳಿ," ಎಂದ. ದೀಪ ಹತ್ತಿದ್ದು ಅವಳಿಗೆ ಅಂಥ ಸಂತೋಷವನ್ನೇನೂ ಕೊಡಲಿಲ್ಲ. ಅವಳು ಮಾತಾಡಿದ್ದು ಮನಸ್ಸಿನಲ್ಲೇ ಆ ಅಧಿಕಾರಿಯ ಹೆಗಲ ಮೇಲೆ ಮಾತಿನಮಲ್ಲನ ತಲೆ ಇಟ್ಟುಕೊಂಡು.

ಕಾರ್ಖಾನೆಯಲ್ಲಿ ಅವಳು ಮೊದಲಿನಂತೆಯೇ ಇದ್ದಳು. ಅವನ ಭಾಷಣಕ್ಕೆ ಬೇಕಾದ ಚಿತ್ರ, ಅಂಕಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಕಳಿಸಿದಳು. ಒಂದು ಅಂಕಿಯನ್ನೂ ತಪ್ಪು ಕೊಡಲಿಲ್ಲ. ಹಿಂದೆಲ್ಲ ಜೊತೆಯಲ್ಲಿ ಕೂತು, ಇದು ಯಾಕೆ ಹೀಗೆ, ಯಾರಾದರೂ ಕೇಳಿದರೆ ಏನು ಹೇಳಬೇಕು ಎಂದು ಬಿಡಿಸಿ ಹೇಳುತ್ತಿದ್ದಳು. ಅದನ್ನು ಮಾತ್ರ ನಿಲ್ಲಿಸಿದಳು. ಅವನಿಗೆ ಅದು ಗಮನಕ್ಕೂ ಬರಲಿಲ್ಲ. ಚಪ್ಪಾಳೆಗೆ ಒಗ್ಗಿದ ಕಿವಿಗೆ ಬೇರೆ ಸದ್ದು ಕೇಳಿಸುವುದಿಲ್ಲ.

ಎರಡು ವರ್ಷ ಕಾದಳು.

ಹೊಸ ಉದ್ದನೆಯ ಏಣಿಯನ್ನು ಮಾರಾಟಗಾರರಿಗೆ ಪರಿಚಯಿಸುವ ಸಭೆ. ನಾನೂರು ಜನ. ಮಾತಿನಮಲ್ಲನನ್ನು ಕಾರ್ಖಾನೆಯ ಉಪಮುಖ್ಯಸ್ಥನಾಗಿ ಅಂದೇ ಘೋಷಿಸುವರೆಂಬ ಸುದ್ದಿ ಇತ್ತು. ಮುಂದಿನ ಸಾಲಿನ ನಡುವೆ ಸಂಸ್ಥೆಯ ನಿರ್ದೇಶಕಿ ಕೂತಿದ್ದರು. ಅವನು ಅರ್ಧ ಗಂಟೆ ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಕೊನೆಗೆ ಕೈ ಚಾಚಿ, "ಏನಾದ್ರೂ ಕೇಳೋದಿದ್ರೆ ಕೇಳಿ, ಸಂಕೋಚ ಬೇಡ," ಎಂದ.

ನಾಲ್ಕನೆಯ ಸಾಲಿನಲ್ಲಿ ಅವಳು ಎದ್ದಳು. ಮೈಕಿನವನು ಆಗಲೇ ಪಕ್ಕದಲ್ಲಿದ್ದ. ಹಿಂದಿನಿಂದ ಯಾರೋ "ಮೂಕೇಣಿ" ಎಂದು ಪಿಸುಗುಟ್ಟಿದ್ದು, ಕಿಸಕ್ಕೆಂದದ್ದು ಎರಡೂ ಕೇಳಿಸಿತು. ಮೈಕನ್ನು ಕೈಗೆ ತೆಗೆದುಕೊಂಡಳು.

"ನಾನು ಪರೀಕ್ಷಾ ವಿಭಾಗದವಳು, ನನ್ನದು ಮೂರು ಪ್ರಶ್ನೆ ಇದೆ." ಮಗ್ಗಿಯಂತೆ ಬಂತು. ಉಸಿರು ಬಿಟ್ಟಳು. "ಬುಷ್ ಹಿತ್ತಾಳೆಯದ್ದೇ ಯಾಕೆ ಸರ್?"

ಅವನು ನಕ್ಕ. "ಗಟ್ಟಿ ಇರುತ್ತೆ ಅಂತ. ಅಷ್ಟೂ ಗೊತ್ತಿಲ್ವಾ?"

"ಹಿತ್ತಾಳೆ ಉಕ್ಕಿಗಿಂತ ಮೆದು. ಮೆದು ಅಂತಾನೇ ಹಾಕಿದ್ದು. ಸವೆದ್ರೆ ಅದು ಸವೆಯಲಿ, ಪಿನ್ ಉಳೀಲಿ ಅಂತ. ಎರಡನೇ ಪ್ರಶ್ನೆ. ಈ ಬುಷ್‌ನ ಎಷ್ಟು ದಿನಕ್ಕೆ ಬದಲಾಯಿಸ್ಬೇಕು?"

"ಬದಲಾಯಿಸೋದೇ ಬೇಡ. ಜೀವನಪೂರ್ತಿ ಬರುತ್ತೆ."

"ಯಾರ ಜೀವನ ಸರ್?"

ಸಭೆಯಲ್ಲಿ ಒಂದು ನಗು ಎದ್ದು ಅರ್ಧಕ್ಕೆ ನಿಂತಿತು. ಮುಂದಿನ ಸಾಲಿನ ಮಾರಾಟಗಾರನೊಬ್ಬ ಬರೆಯುತ್ತಿದ್ದವನು ತಲೆ ಎತ್ತಿದ.

"ಹದಿನೆಂಟು ತಿಂಗಳಿಗೆ ಬದಲಾಯಿಸ್ಬೇಕು. ನಿಮ್ಮ ಹಿಂದಿನ ಪರದೆಯಲ್ಲೇ ಇದೆ, ಕೆಳಗಿನ ಸಾಲು."

ಅವನು ತಿರುಗಿ ಪರದೆ ನೋಡಿದ. ನಾನೂರು ಜನ ಅವನ ಬೆನ್ನು ನೋಡಿದರು. ಅವಳು ಅವಸರ ಮಾಡಲಿಲ್ಲ. ಆ ಬೆನ್ನನ್ನು ಬೇಕಾದಷ್ಟು ಹೊತ್ತು ನೋಡಿಕೊಂಡಳು.

"ಕೊನೇದು. ಏಣಿ ಮಡಚೋ ಯಂತ್ರ ನಮ್ಮ ಕೋಣೆಯಲ್ಲಿ ಬಾಗಿಲಿನ ಎಡಕ್ಕಿದೆಯೋ, ಬಲಕ್ಕೋ?"

"ಇದೂ ಒಂದು ಪ್ರಶ್ನೇನಾ? ಎಡಕ್ಕೆ."

"ಅದು ಆ ಕೋಣೆಯಲ್ಲಿ ಹಿಡಿಸ್ಲಿಲ್ಲ ಸರ್. ಒಂಬತ್ತು ವರ್ಷದಿಂದ ಗೋದಾಮಿನಲ್ಲಿದೆ."

ಈಗ ಯಾರೂ ನಗಲಿಲ್ಲ. ನಿರ್ದೇಶಕಿ ಕುರ್ಚಿಯಲ್ಲೇ ತಿರುಗಿ, "ನೀವು ಮೇಲೆ ಬನ್ನಿ," ಎಂದರು. ಅವಳು ಹತ್ತಿದಳು. ಮಾತಿನಮಲ್ಲ ಅವಳ ಕಿವಿಯ ಹತ್ತಿರ, "ಏನ್ ಮಾಡ್ತಿದ್ದೀರಿ ಗೊತ್ತಾ?" ಎಂದ. "ಇಬ್ರ ಪರವಾಗಿ ಮಾತಾಡ್ತಿದ್ದೀನಿ," ಎಂದು ಅವಳು ಸಭೆಯ ಕಡೆ ತಿರುಗಿ ಹದಿನೆಂಟು ನಿಮಿಷ ಮಾತಾಡಿದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಪಿನ್ನು ಸವೆದ ಬಗೆ, ತಪ್ಪಿದ ಏಳು ಅಳತೆಗಳು, ಎಂಟನೆಯದು ಕೂತ ದಿನ, ಎಲ್ಲವನ್ನೂ ತಾರೀಕಿನ ಸಮೇತ ಹೇಳಿದಳು. ತಾರೀಕುಗಳೇ ಅವಳ ಕತ್ತಿ.

ಉಪಮುಖ್ಯಸ್ಥನ ಘೋಷಣೆ ಅಂದು ಆಗಲಿಲ್ಲ. ಹಳೆಯ ವರದಿಗಳನ್ನೆಲ್ಲ ತರಿಸಿ ನೋಡಿದ ಮೇಲೆ ನಿರ್ದೇಶಕಿ ಅವಳನ್ನು ಕರೆಸಿದರು. ವಿಭಾಗವನ್ನು ಅವಳಿಗೇ ಕೊಡುವುದಾಗಿ ಹೇಳಿ, ಬೇರೇನು ಬೇಕು ಎಂದು ಕೇಳಿದರು.

"ಕೀಲು ಯಾರದ್ದು ಅಂತ ಅವರು ಮೈಕಿನಲ್ಲಿ ಹೇಳ್ಬೇಕು. ಅದೇ ಸಭಾಂಗಣದಲ್ಲಿ. ನನ್ನನ್ನ ಯಾಕೆ ಮೊದ್ಲು ಹತ್ತಿಸಿದ್ರು ಅನ್ನೋದನ್ನೂ ಹೇಳ್ಬೇಕು."

"ಅಷ್ಟು ಬೇಕಾ?"

"ಬೇಕು ಮೇಡಂ."

ಮುಂದಿನ ತಿಂಗಳು ಅವನು ಹೇಳಿದ. ಕಾಗದ ನೋಡಿ ಓದಿದ. ಎರಡನೆಯ ಸಾಲಿನಲ್ಲಿ ನಿಲ್ಲಿಸಿ ನೀರು ಕುಡಿದ, ಲೋಟ ಇಡುವಾಗ ಅದು ಮೇಜಿಗೆ ತಾಗಿದ ಸದ್ದು ಮೈಕಿನಲ್ಲಿ ಕೇಳಿತು. ಅವಳು ಮೊದಲ ಸಾಲಿನಲ್ಲಿ, ಕೈ ಕಟ್ಟಿಕೊಂಡು ಕೂತಿದ್ದಳು. ಪಾಪ ಅನ್ನಿಸಲಿಲ್ಲವೇ ಎಂದು ಆಮೇಲೆ ಒಬ್ಬಿಬ್ಬರು ಕೇಳಿದರು. ಅನ್ನಿಸಲಿಲ್ಲ. ಒಂದು ಪದವೂ ತಪ್ಪಿಹೋಗದ ಹಾಗೆ ಕೇಳಿಸಿಕೊಂಡಳು. ಆ ಸಂಜೆ ಚಿಕ್ಕಮ್ಮ, "ಹೊಟ್ಟೆ ತಣ್ಣಗಾಯ್ತಾ?" ಎಂದಾಗ, "ಆಯ್ತು," ಎಂದು ಎರಡು ಸಲ ಬಡಿಸಿಕೊಂಡು ಉಂಡಳು. ವರ್ಷ ಮುಗಿಯುವ ಮೊದಲೇ ಅವನು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದ.

ಅದಾದ ಮೇಲೆ ಅವಳು ಎಣಿಸದ ಒಂದು ಸಂಗತಿ ನಡೆಯಿತು. ಬಣ್ಣ ಬಳಿಯುವವರು, ವಿದ್ಯುತ್ ಕೆಲಸದವರು ಹೀಗೆ ದಿನವೂ ಏಣಿ ಹತ್ತುವ ಇಪ್ಪತ್ತೆರಡು ಜನರಿಗೆ ಬುಷ್ ಬದಲಿಸುವುದನ್ನು ತಿಳಿಸಿಕೊಡಬೇಕಿತ್ತು. ಬಾಗಿಲಲ್ಲಿ ನಿಂತಾಗ ಹಳೆಯ ಭಯ ಹಾಗೆಯೇ ಬಂತು. ಎರಡು ವರ್ಷ ಅವಳು ಸಿಟ್ಟನ್ನು ಊರುಗೋಲು ಮಾಡಿಕೊಂಡಿದ್ದಳು. ಈ ಕೋಣೆಯಲ್ಲಿ ಸಿಟ್ಟು ಮಾಡಲು ಯಾರೂ ಇರಲಿಲ್ಲ. ಕಣ್ಣಿಗೆ ಬಿದ್ದ ಒಬ್ಬನ ಹೆಗಲಿಗೆ ಮಾತಿನಮಲ್ಲನ ತಲೆ ಅಂಟಿಸಲು ನೋಡಿದಳು, ಅಂಟಲಿಲ್ಲ. ಆ ಮನುಷ್ಯ ಉಗುರಿಗಂಟಿದ ಗೋಡೆಯ ಬಣ್ಣ ಕೆರೆಯುತ್ತ ಅವಳು ಏನು ಹೇಳುವಳೋ ಎಂದು ಕಾಯುತ್ತಿದ್ದ.

ಮೊದಲ ವಾಕ್ಯ ಬಂತು. ಎರಡನೆಯದು ತಡವರಿಸಿತು. ಮೂರನೆಯದನ್ನು ಬಿಟ್ಟು ನಾಲ್ಕನೆಯದು ಹೇಳಿದಳು, ಮತ್ತೆ ಮೂರಕ್ಕೆ ಬಂದಳು. ಯಾರೂ ನಗಲಿಲ್ಲ. ಬಣ್ಣದವನು ಕೈ ಎತ್ತಿದ.

"ಅಮ್ಮ, ನಾನು ತುದೀಲಿ ನಿಂತಾಗ ಕೀಲು ಒಂದು ಥರ ಕಿರ್ ಅನ್ನುತ್ತೆ. ಅದು ಬುಷ್ ಹೋದ ಸದ್ದಾ?"

"ಯಾವ ಥರ ಕಿರ್? ಹತ್ತುವಾಗಲೋ, ಇಳಿಯುವಾಗಲೋ?"

"ಇಳಿಯುವಾಗ."

ಅವಳು ಮೈಕನ್ನು ಮೇಜಿನ ಮೇಲಿಟ್ಟು, ಮೂಲೆಯಲ್ಲಿದ್ದ ಏಣಿಯನ್ನು ಎಳೆದು ತಂದು ಅವರ ನಡುವೆ ನಿಲ್ಲಿಸಿದಳು. "ಬನ್ನಿ, ಹತ್ತಿ," ಎಂದಳು. "ಎಲ್ಲರೂ ಕಿವಿಗೊಡಿ."