ಈರಕ್ಕನ ಎರಡು ಫೋಟೋ

ಕರಿಯಕ್ಕ ಮಗಳು ಈರಕ್ಕನನ್ನು ಕರೆದುಕೊಂಡು ಸ್ಟುಡಿಯೋ ಮೆಟ್ಟಿಲು ಹತ್ತಿದ್ದನ್ನು ಕಂಡು ಚಂದ್ರಶೇಖರಯ್ಯನ ಎದೆ ಧಸಕ್ಕೆಂದಿತು. ಮಧುಗಿರಿಯಲ್ಲಿ ಫೋಟೋ ತೆಗೆಯುವವನು ಅವನೊಬ್ಬನೇ ಏನಲ್ಲ. ಬರಗೂರಿನಿಂದ ಅಷ್ಟು ದೂರ ಬಸ್ಸಿನಲ್ಲಿ ಬಂದವಳು, ಹೋದ ವರ್ಷ ತನ್ನ ಮನೆಯ ಮಾನ ಕಳೆದವನ ಬಾಗಿಲಿಗೇ ಮತ್ತೆ ಬರಬೇಕೇ?

ಅದು ಎಂಬತ್ತಮೂರರ ಮಾತು. ಆಗಷ್ಟೇ ಕೊಂಡ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಲ್ಲಿ ಬೆಳಕು ಅಳೆಯುವುದಕ್ಕೊಂದು ಸ್ವಿಚ್ಚಿತ್ತು. ಮೇಲಕ್ಕೆ ತಳ್ಳಿದರೆ ಚೌಕಟ್ಟಿನೊಳಗಿನ ಅಷ್ಟೂ ಬೆಳಕಿನ ಸರಾಸರಿ, ಕೆಳಕ್ಕೆ ತಳ್ಳಿದರೆ ನಡುವಿನ ಪುಟ್ಟ ವೃತ್ತದಲ್ಲಿ ಕಂಡಷ್ಟರ ಲೆಕ್ಕ. ಸುಣ್ಣದ ಗೋಡೆಯ ಮುಂದೆ ನಿಂತ ಈರಕ್ಕನ ಕಪ್ಪು ಮುಖದ ಮೇಲೆ ವೃತ್ತವಿಟ್ಟು, ಬೆಳಕು ತೋರಿಸುವ ಮುಳ್ಳು ಹೇಳಿದ್ದನ್ನು ಅವನು ಕಣ್ಣುಮುಚ್ಚಿ ಕೇಳಿದ್ದ. ಮುಳ್ಳಿಗೇನು ಗೊತ್ತು, ಅದು ಕಪ್ಪಿರಲಿ ಬಿಳುಪಿರಲಿ ಕಂಡದ್ದನ್ನೆಲ್ಲ ಬೂದುಬಣ್ಣಕ್ಕೆ ತರುವ ಸ್ವಭಾವದ್ದು. ಈರಕ್ಕ ಬೆಳ್ಳಗೆ ಮೂಡಿಬಂದಳು. ಕೊರಟಗೆರೆಯ ಗಂಡಿನವರು ಫೋಟೋ ನೋಡಿ ಓಡೋಡಿ ಬಂದರು, ಹುಡುಗಿಯನ್ನು ನೋಡಿ ಮುಂದಿಟ್ಟ ಬಾಳೆಹಣ್ಣನ್ನೂ ಮುಟ್ಟದೆ ಎದ್ದುಹೋದರು.

ಈಗ ವೈ.ಎನ್.ಹೊಸಕೋಟೆಯ ಸಂಬಂಧ. ಹುಡುಗ ಬಸ್ ಕಂಡಕ್ಟರ್, ಮೊದಲು ಫೋಟೋ ಕಳಿಸಿ ಎಂದಿದ್ದಾನಂತೆ. ಕರೆಂಟಿಲ್ಲದ್ದರಿಂದ ಈ ಸಲವೂ ಹೊರಗಿನ ಸುಣ್ಣದ ಗೋಡೆಯೇ ಗತಿಯಾಯಿತು. ಚಂದ್ರಶೇಖರಯ್ಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ. ಸರಾಸರಿಗೆ ಹಾಕಿದರೆ ಗೋಡೆಯ ಬಿಳುಪಿಗೆ ಮುಳ್ಳು ಮೋಸಹೋಗಿ ಹುಡುಗಿಯ ಮುಖ ಇದ್ದಿಲಾಗುತ್ತದೆ. ವೃತ್ತಕ್ಕೆ ಹಾಕಿ ಬೆಳಕನ್ನು ಒಂದು ಹಂತ ತಗ್ಗಿಸಿದರೆ ಅವಳು ಇದ್ದ ಹಾಗೇ ಬರುತ್ತಾಳೆ. ಈ ವಿದ್ಯೆಯನ್ನು ಅವನು ಹೋದ ವರ್ಷದ ಅವಮಾನದಿಂದಲೇ ಕಲಿತಿದ್ದ.

"ಹೋದ್ಸಲ ತೆಗ್ದಂಗೇ ತೆಗಿ ಸ್ವಾಮಿ," ಎಂದಳು ಕರಿಯಕ್ಕ. "ಬೆಳ್ಳಗಿರ್ಲಿ. ಒಂದ್ಸಲ ಮನೆ ಬಾಗ್ಲಿಗ್ ಬಂದ್ಬುಟ್ರೆ ಸಾಕು."

ಅವನು ಬೇಡವೆಂದು ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಮಗಳಿಗೆ ಹೂವು ತರಲೆಂದು ಅವಳು ಅತ್ತ ಹೋದ ಮೇಲೆ ಈರಕ್ಕ ಬಾಯಿಬಿಟ್ಟಳು.

"ಅಣ್ಣ, ಅವ್ರು ಫೋಟೋ ಒಂದ್ಸಲ ನೋಡೋರು, ನನ್ ಮಕ ಒಂದ್ಸಲ ನೋಡೋರು. ಇನ್ನೊಂದ್ಸಲ ಅಂಗ್ ಕೂತ್ಕಳಕ್ಕೆ ನನ್ ಕೈಲಾಗಲ್ಲ."

ಚಂದ್ರಶೇಖರಯ್ಯನಿಗೆ ನಾಚಿಕೆಯಾಯಿತು. ಕರಿಯಕ್ಕ ಹೂವು ತಂದು ಮುಡಿಸಿದ ಮೇಲೆ ಎರಡು ಫೋಟೋ ತೆಗೆದ, ಒಂದು ತಾಯಿ ಕೇಳಿದಂತೆ ಬೆಳ್ಳಗೆ, ಒಂದು ಮಗಳು ಕೇಳಿದಂತೆ ಇದ್ದ ಹಾಗೇ. ಕರೆಂಟು ಬಂದ ಮೇಲೆ, ಆ ವ್ಯತ್ಯಾಸ ಅಳಿಯದಿರಲೆಂದು, ಎರಡಕ್ಕೂ ಒಂದೇ ಸಮ ಬೆಳಕು ಕೊಟ್ಟು ಪ್ರಿಂಟ್ ಹಾಕಿದ.

ಶುಕ್ರವಾರ ತಾಯಿಮಗಳು ಮತ್ತೆ ಬಂದರು. ಕರಿಯಕ್ಕ ಬೆಳ್ಳನೆಯದನ್ನು ಆರಿಸಿ ಲಕೋಟೆಗೆ ಹಾಕಿಸಿದಳು. ನಾಲ್ಕು ಗಂಟೆಯ ಪಾವಗಡದ ಬಸ್ಸಿನಲ್ಲಿ ಅದನ್ನು ಗಂಡಿನವರಿಗೆ ಕಳಿಸಬೇಕಿತ್ತು. ಬಸ್ಸು ಬಂತೇನೋ ಎಂದು ಅವಳು ರಸ್ತೆಗಿಳಿದದ್ದೇ ತಡ, ಈರಕ್ಕ ಲಕೋಟೆಯೊಳಗಿನ ಫೋಟೋ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು. ತಾನು ತಾನಾಗಿದ್ದ ಫೋಟೋವನ್ನು ಒಳಗಿಟ್ಟು ಚಂದ್ರಶೇಖರಯ್ಯನ ಮುಖ ನೋಡಿದಳು.

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಕರಿಯಕ್ಕ ಕೂಗುತ್ತ ಮೆಟ್ಟಿಲು ಹತ್ತುತ್ತಿದ್ದಳು. ಈ ಸಂಬಂಧವೂ ಮುರಿದರೆ ಶಾಪವೆಲ್ಲ ತನ್ನ ತಲೆಗೇ ಎಂಬುದು ಚಂದ್ರಶೇಖರಯ್ಯನಿಗೆ ಗೊತ್ತಿತ್ತು. ಅವನು ಲಕೋಟೆಗೆ ಗೋಂದು ಹಚ್ಚಿ ಅಂಟಿಸಿ ಕರಿಯಕ್ಕನ ಕೈಗಿಟ್ಟ.

ಆಮೇಲಿನ ಮೂರು ವಾರ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವನು ಬೆಚ್ಚುತ್ತಿದ್ದ. ನಾಲ್ಕನೆಯ ವಾರ ಕರಿಯಕ್ಕ ಒಬ್ಬಳೇ ಬಂದಳು. ಮುಖ ಗಂಟಿಕ್ಕಿಕೊಂಡಿದ್ದಳು. ಕೂತುಕೊಳ್ಳಲಿಲ್ಲ. ಮಗಳ ಟ್ರಂಕಿನಲ್ಲಿ ಸಿಕ್ಕಿತೆಂದು ಆ ಬೆಳ್ಳನೆಯ ಫೋಟೋವನ್ನು ಮೇಜಿನ ಮೇಲಿಟ್ಟಳು. ಅವನು ತಲೆತಗ್ಗಿಸಿದ.

"ಬಂದಿದ್ರು. ಹುಡುಗ್ನೂ ಬಂದಿದ್ದ," ಎಂದು ಆ ಫೋಟೋವನ್ನು ಅವನತ್ತ ಸರಿಸಿದಳು. "ಇದು ನಮ್ಗ್ ಬ್ಯಾಡ, ನೀನೇ ಇಟ್ಕ. ಬಾಳೆಹಣ್ ತಿಂದ್ರು ಕಣ್ ಸ್ವಾಮಿ."