ತಲೆಬಾಗಿಲು

“ತಡೀರಿ, ತಡೀರಿ! ಮೊಣಕಾಲು ಬಡೀತು!”

ಮಲಕಪ್ಪ ಕೂಗಿದ್ದಕ್ಕೆ ಅವನ ಅಣ್ಣನ ಹೆಣ ಹೊತ್ತ ನಾಲ್ವರೂ ಬಾಗಿಲ ಒಳಗೇ ನಿಂತರು. ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಚೆಂಡು ಹೂವಿನ ಹಾರ ಹಾಕಿ, ಕಾಲು ಮಡಚಿ ಕೂರಿಸಿದ್ದ ಅಮಾತೆಪ್ಪನ ಮೈ ಆಗಲೇ ಸೆಟೆದುಕೊಂಡಿತ್ತು. ಬಾಗಿಲು ಗಿಡ್ಡ, ಅಗಲವೂ ಅಷ್ಟಕ್ಕಷ್ಟೆ. ಎರಡೂ ಮೊಣಕಾಲು ಎರಡೂ ಕಡೆ ಚೌಕಟ್ಟಿಗೆ ಸಿಕ್ಕಿಕೊಂಡಿದ್ದವು. ಹೊರಗೆ ಹುನಗುಂದದ ಆ ಸಣ್ಣ ಓಣಿಯಲ್ಲಿ ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟಿ ಮುಗಿದಿತ್ತು. ಭಜನೆಯವರು ತಾಳ ಹಿಡಿದು ಬಿಸಿಲಲ್ಲಿ ಕಾಯುತ್ತಿದ್ದರು.

“ಒಂಚೂರು ವಾಲಿಸ್ರಿ, ಬರ್ತೈತಿ,” ಎಂದನೊಬ್ಬ.

“ಏನ್ ಜೋಳದ ಚೀಲ ಅಂತ ತಿಳದಿ ಏನೋ?” ಕಟ್ಟೆಯ ಮೇಲಿದ್ದ ಅಯ್ಯನವರು ಗದರಿದರು. “ಅಂಗೈಯಾಗ ಲಿಂಗ ಐತಿ. ಕುಂತಾಂವ ಕುಂತಂಗ ಹೊರಗ ಬರಬೇಕು.”

ಮತ್ತೆ ಒಳಗೆ ಒಯ್ದು ಗೋಡೆಗೆ ಒರಗಿಸಿದರು. ಪಕ್ಕದಲ್ಲಿ ಕೂತಿದ್ದ ತಾಯವ್ವ ಸರಿದು ಜಾಗ ಮಾಡಿಕೊಟ್ಟಳು. ಗಂಡ ಹಾಸಿಗೆ ಹಿಡಿದ ಮೇಲೆ ಒಂದು ರಾತ್ರಿಯೂ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ ಅವಳು. ಅಳು ಬೆಳಗಿನಲ್ಲೇ ಬತ್ತಿತ್ತು. ಈ ಮಂದಿಯೆಲ್ಲ ಯಾವಾಗ ಹೋದಾರು, ನೆಲಕ್ಕೆ ಬೆನ್ನು ಹಚ್ಚೇನು ಎಂಬುದೊಂದೇ ಮನಸ್ಸಿನಲ್ಲಿತ್ತು. ಇವತ್ತೂ ಈ ಬಾಗಿಲದೇ ರಗಳೆ.

“ಚೌಕಟ್ಟ ತಗೀಬೇಕು. ಬ್ಯಾರೆ ದಾರಿ ಇಲ್ಲ,” ಎಂದ ಮಲಕಪ್ಪ.

“ಕಾಕಾ, ಈ ಬಾಗಲಾ ಮುಟ್ಟಿದ್ರ ಅಪ್ಪ ಈಗೂ ಎದ್ದ ಬೈತಾನು,” ಎಂದ ಮಗ ಶಂಕ್ರಪ್ಪ. ಯಾರೋ ನಕ್ಕು, ನಡುವೆಯೇ ನುಂಗಿಕೊಂಡರು. ಬಡಿಗ ಚಮನಸಾಬ, ಸತ್ತವನ ಹಳೆಯ ಗೆಳೆಯ, ಅಂಗಳದಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಎಲ್ಲರೂ ಅವನನ್ನು ನೋಡಿದರು. ಅವನು ತಾಯವ್ವನನ್ನು ನೋಡಿದ.

*

ಅಮಾತೆಪ್ಪ ಹುನಗುಂದದ ಕೋರ್ಟಿನಲ್ಲಿ ಪಟ್ಟೆವಾಲ. ಸಾಹೇಬರು ಬಂದಾಗ ಬಾಗಿಲು ತೆರೆದು ಬಗ್ಗಬೇಕು, ವಕೀಲರಿಗೆ ಬಗ್ಗಬೇಕು, ಯಾರದೋ ಕಾಗದ ಬಿದ್ದರೆ ಎತ್ತಿ ಕೊಡಲು ಬಗ್ಗಬೇಕು. ಆದರೆ ರಜೆಯ ದಿನ ತನ್ನ ಮನೆಯ ಬಾಗಿಲ ಮುಂದೆ ಕೂತನೆಂದರೆ ಅವನು ಬೇರೆಯೇ ಮನುಷ್ಯ. ಚೌಕಟ್ಟಿಗೆ ಕುಸುಬಿ ಎಣ್ಣೆ ತಿಕ್ಕುವನು, ದೀಪಾವಳಿಗೆ ಹಳದಿ ಕೆಂಪು ಬಣ್ಣ ಬಳಿಯುವನು. ಇಳಕಲ್ಲಿನ ಸಂತೆಯಿಂದ ಹಿತ್ತಾಳೆಯ ಹೂಗಳನ್ನು ತಂದು ಒಂದೊಂದಾಗಿ ಬಡಿದು ಕೂರಿಸಿದ್ದ. ಓಣಿಯಲ್ಲಿ ಅಂಥ ಬಾಗಿಲು ಇನ್ನೊಂದಿರಲಿಲ್ಲ.

ಮದುವೆಯಾಗಿ ಒಳಗೆ ಕಾಲಿಟ್ಟ ದಿನವೇ ತಾಯವ್ವನ ಹಣೆ ಆ ಚೌಕಟ್ಟಿಗೆ ಬಡಿದಿತ್ತು. ಎತ್ತರಿಸಿರೆಂದು ಎಷ್ಟು ಸಲ ಕೇಳಿದಳೋ.

“ದಿನಾ ಎಷ್ಟ ಮಂದಿ ಮುಂದ ಬಗ್ಗತೇನಿ, ಗೊತ್ತೈತೇನ ನಿನಗ? ನನ್ನ ಮನಿಗೆ ಬರೋರು ಒಮ್ಮೆರ ಬಗ್ಗಿ ಬರ್ಲಿ,” ಎನ್ನುತ್ತಿದ್ದ. ಒಮ್ಮೆ ಶಿರಸ್ತೇದಾರರು ಮಗಳ ಲಗ್ನಪತ್ರಿಕೆ ಕೊಡಲು ಬಂದು, ತಲೆಯ ರುಮಾಲು ಹಿಡಿದುಕೊಂಡು ಬಗ್ಗಿ ಒಳಗೆ ಬಂದಾಗ, ಅವತ್ತು ಅವನು ಒಂದು ರೊಟ್ಟಿ ಹೆಚ್ಚು ಉಂಡ.

“ಬರೋರು ಎಷ್ಟ ಸಲ ಬಂದಾರು?” ಎಂದಿದ್ದಳು ತಾಯವ್ವ. “ಬಗ್ಗೂದೆಲ್ಲಾ ನಾನ.”

*

ಎಪ್ಪತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ತುಂಬಿದ ಕೊಡ ಹೊತ್ತು ಬಗ್ಗಿ ದಾಟುವಾಗ ಅವಳು ಜಾರಿ ಬಿದ್ದಳು. ಹೆಗಲ ಎಲುಬು ಮುರಿಯಿತು. ಅಮಾತೆಪ್ಪ ಬಾಗಲಕೋಟೆಯ ದವಾಖಾನೆಗೆ ಒಯ್ದು ಪಟ್ಟಿ ಹಾಕಿಸಿಕೊಂಡು ಬಂದ. ಅವಳ ಕೈ ಕೂಡುವ ತನಕ ತಾನೇ ರೊಟ್ಟಿ ಬಡಿದ. ದಪ್ಪ ದಪ್ಪ, ಅಂಚು ಸೀದ ರೊಟ್ಟಿ.

ಆಮೇಲೆ ಒಂದು ರವಿವಾರ ಗುದ್ದಲಿ ಹಿಡಿದು ಬಾಗಿಲ ಮುಂದೆ ನಿಂತ. ಕೊನೆಗೂ ಚೌಕಟ್ಟಿಗೆ ಕೈ ಹಾಕಿದನೆಂದುಕೊಂಡಳು. ಅವನು ಹೊಸ್ತಿಲು ಕಿತ್ತು ನೆಲ ಅಗೆಯತೊಡಗಿದ.

“ಇದೇನ್ರೀ?”

“ಮ್ಯಾಲ ಮಣ್ಣಿನ ಗ್ವಾಡಿ ಐತಿ, ಮುಟ್ಟಿದ್ರ ಬೀಳ್ತೈತಿ. ಕೆಳಗ ತಗ್ಗ ಮಾಡ್ತೇನಿ. ನೀ ಬಗ್ಗೂದು ತಪ್ತೈತಿ.”

“ಹಂಗಾದ್ರ ಮಂದೀನೂ ಬಗ್ಗೂದಿಲ್ಲಲ್ಲ?”

ಅವನು ಗುದ್ದಲಿ ನಿಲ್ಲಿಸಲಿಲ್ಲ. “ಹೋಗ್ಲಿ ಬಿಡು,” ಎಂದ.

ಆ ಬೇಸಿಗೆ ಮುಗಿಯುವವರೆಗೆ ಅವಳು ಕೊಡ ಹೊತ್ತು ನೆಟ್ಟಗೆ ಒಳಗೆ ಬಂದಳು. ಅವನು ಕಟ್ಟೆಯ ಮೇಲೆ ಕೂತು, ನೋಡದವನಂತೆ ನೋಡುತ್ತಿದ್ದ. ಮಳೆ ಹಿಡಿದದ್ದೇ ಓಣಿಯ ರಾಡಿ ನೀರೆಲ್ಲ ಒಳಗೆ ನುಗ್ಗಿ ಜೋಳ ನೆನೆದು ಮೊಳೆತವು. ಅವನು ಮಣ್ಣು ತುಂಬಿ ಹೊಸ್ತಿಲನ್ನು ಮೊದಲಿನಂತೆ ಕೂರಿಸಿದ. ಅವಳೂ ಮತ್ತೆ ಕೇಳಲಿಲ್ಲ. ಕೇಳುವುದಕ್ಕೂ ಬೇಸತ್ತಿದ್ದಳು.

*

“ವೈನಿ, ಏನ್ ಮಾಡ್ಲಿ ಹೇಳ್ರಿ,” ಎಂದ ಚಮನಸಾಬ.

ತಾಯವ್ವ ಗಂಡನ ಮುಖ ನೋಡಿದಳು.

“ಬಿಚ್ಚು. ಒಡೀಬ್ಯಾಡ, ಹಗೂರಕ ಬಿಚ್ಚು,” ಎಂದಳು. “ನೌಕರಿ ಪೂರಾ ಬಗ್ಗ್ಯಾನ. ಇವತ್ತರ ನೆಟ್ಟಗ ಹೋಗ್ಲಿ.”

ಚಮನಸಾಬ ಮೇಲಿನ ಗೋಡೆಗೆ ತೊಲೆಯ ಆಸರೆ ಕೊಟ್ಟು ಚೌಕಟ್ಟನ್ನು ಸಡಿಲಿಸಿ ಹೊರಗೆಳೆದ. ಮಣ್ಣಿನ ಹೆಂಟೆಗಳು ದಬದಬ ಬಿದ್ದವು. ಧೂಳು ಅಡಗಿದ ಮೇಲೆ ಅಮಾತೆಪ್ಪನನ್ನು ಕೂತವನನ್ನು ಕೂತಂತೆಯೇ ಎತ್ತಿ ಹೊರಗೆ ತಂದು ವಿಮಾನದಲ್ಲಿಟ್ಟರು. ತಾಳ ಶುರುವಾದವು. ಶಂಕ್ರಪ್ಪ ಅಪ್ಪನ ಹೆಗಲ ಮೇಲಿನ ಮಣ್ಣನ್ನು ಟವೆಲಿನಿಂದ ಒರೆಸಿದ.

ಮಣ್ಣು ಕೊಟ್ಟು ಬಂದವರು ಕಾಲು ತೊಳೆದು, ಉಂಡು, ಒಬ್ಬೊಬ್ಬರೇ ಹೋದರು. ಯಾರೂ ಬಗ್ಗಲಿಲ್ಲ, ಬಗ್ಗಲಿಲ್ಲವೆಂಬುದು ಯಾರಿಗೂ ಗೊತ್ತಾಗಲೂ ಇಲ್ಲ. ಇಳಿಹೊತ್ತಿನ ಬಿಸಿಲು ಅಡಿಗೆಮನೆಯ ಒಲೆಯ ತನಕ ಬಂದು ಬಿದ್ದಿತ್ತು.

ಚಮನಸಾಬ ಮಾತ್ರ ಉಳಿದಿದ್ದ. “ಬಾಗಲಾ ಹಿಂಗ ಬಿಡಾಕ ಬರೂದಿಲ್ಲೋ ಶಂಕ್ರಪ್ಪ. ನಾಳೆ ಹೊಸಾ ಚೌಕಟ್ಟ ಹಿಡಿತೇನಿ. ಎಷ್ಟ ಎತ್ತರ ಮಾಡ್ಲಿ?”

“ಅವ್ವನ ಅಳತಿ ತಗೋ ಕಾಕಾ. ತಲಿ ಮ್ಯಾಲ ಕೊಡ ಇದ್ರೂ ಸರಳ ಬರಬೇಕು ಆಕಿ.”

ತಾಯವ್ವ ಮೊಣಕಾಲಿಗೆ ಕೈಯೂರಿ ಎದ್ದಳು. ಗೋಡೆ ಹಿಡಿದು ಬಂದು ಬಾಗಿಲಿದ್ದ ಆ ಬಯಲಿನ ನಡುವೆ ನಿಂತಳು. ಚಮನಸಾಬ ಅಳತೆಗೋಲನ್ನು ಅವಳ ತಲೆಯ ಮೇಲೆ ಅಡ್ಡ ಹಿಡಿದ.

“ನೆಟ್ಟಗ ನಿಂದರ್ರಿ ವೈನಿ.”

“ನಿಂತೇನಲ್ಲೋ,” ಎಂದಳು ತಾಯವ್ವ, ಹೊಸ್ತಿಲಿನ ಕಲ್ಲನ್ನೇ ನೋಡುತ್ತ.

ಶಂಕ್ರಪ್ಪ ಮುಖ ತಿರುಗಿಸಿದ. ಚಮನಸಾಬ ಕೋಲನ್ನು ಕೆಳಗಿಳಿಸಲಿಲ್ಲ. ಅವಳ ಬಾಗಿದ ಬೆನ್ನು ನೆಟ್ಟಗಾದರೆ ತಲೆ ಎಲ್ಲಿಗೆ ಬರಬೇಕೋ, ಅಷ್ಟು ಮೇಲೆಯೇ ಹಿಡಿದು ನಿಂತಿದ್ದ.