ಗೋಡೆಗೆ ನಿಂತವಳ ಉಸಿರು

“ಹಿಂದಕ್ಕೆ ಹೋಗಮ್ಮ. ಇನ್ನೂ ಹಿಂದಕ್ಕೆ,” ಎಂದ ಗಾಜಿನಾಚೆ ಕೂತಿದ್ದ ರೆಕಾರ್ಡಿಂಗಿನವನು. ಅವಳ ಹಿಮ್ಮಡಿ ಗೋಡೆಗೆ ತಾಗಿತು. ಇನ್ನೂ ಹಿಂದೆ ಅಂದರೆ ಬೀದಿಯೇ ಗತಿ.

ಕೋರಸ್‌ನವರಿಗೆಲ್ಲ ಒಂದೇ ಮೈಕು. ಸಣ್ಣ ದನಿಯವರು ಮುಂದೆ, ದೊಡ್ಡ ದನಿಯವರು ಹಿಂದೆ. ಅವಳದು ಹೋಟೆಲಿನ ಲಾಂಡ್ರಿಯಲ್ಲಿ, ಅಮ್ಮನ ಜೊತೆ, ಒಗೆಯುವ ಯಂತ್ರಗಳ ಗದ್ದಲ ಮೀರಿಸಿ ಹಾಡಿ ಬೆಳೆದ ಗಂಟಲು. ಆ ಬೆಳಿಗ್ಗೆಯಷ್ಟೇ ಲಾಂಡ್ರಿ ಮೇಸ್ತ್ರಿಯ ಮುಖಕ್ಕೆ ಏಪ್ರನ್ ಎಸೆದು ಬಂದಿದ್ದಳು. ಇಲ್ಲಿ ‘ನಾಳೆ ಬಾ’ ಅನ್ನಿಸಿಕೊಳ್ಳದಿದ್ದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಕರೆತಂದವಳು ಕೋರಸ್‌ನ ಹಿರಿಯಳು, ಎಲ್ಲರ ಬಾಯಲ್ಲೂ ದೊಡ್ಡಕ್ಕ. “ನನ್ನ ಮರ್ಯಾದೆ ಕಳೀಬೇಡ ಕಣೇ. ಕೆಮ್ಮು ಬಂದ್ರೆ ನುಂಗು. ಯಾವ ದನಿ ಯಾರದು ಅಂತ ಗೊತ್ತಾಗ್ಬಾರ್ದು, ಅದೇ ನಮ್ಮ ಕಸುಬು.”

ಇದ್ದೂ ಇಲ್ಲದಂತಿರುವುದಕ್ಕೆ ಕೊಡುವ ಕೂಲಿ ಅದು.

ಗಾಯಕಿ ಹಾಡಿದಳು. ಚರಣ ಮುಗಿದು ವಾದ್ಯಗಳೆಲ್ಲ ಗಪ್‌ಚಿಪ್ಪಾದವು. ಕೋರಸ್ ಎತ್ತಿಕೊಳ್ಳಬೇಕು. ಅವಳು ಲಾಂಡ್ರಿಯಲ್ಲಿ ಮಾಡುತ್ತಿದ್ದುದನ್ನೇ ಮಾಡಿದಳು: ಹೊಟ್ಟೆ ತುಂಬ ಉಸಿರೆಳೆದು ಎತ್ತಿಕೊಂಡಳು.

ಹಾಡನ್ನು ತಿರುಗಿ ಹಾಕಿ ಕೇಳುವ ಹೊತ್ತಿಗೆ ಗಾಯಕಿ ಕಾರು ಹತ್ತಿಯಾಗಿತ್ತು, ಇನ್ನೊಮ್ಮೆ ಹಾಡಿಸುವಂತಿರಲಿಲ್ಲ. ವಾದ್ಯಗಳು ನಿಂತ ಆ ಮೌನದ ನಟ್ಟನಡುವೆ ಎದ್ದು ನಿಂತಿತ್ತು ಒಂದು ಉಸಿರು.

“ಯಾರು ಉಸಿರಾಡಿದ್ದು?” ಎಂದ ಸಂಗೀತ ನಿರ್ದೇಶಕ.

“ಬದುಕಿರೋರೆಲ್ಲ ಆಡ್ತೀವಿ ಸಾರ್,” ಎಂದಳು ದೊಡ್ಡಕ್ಕ.

“ತಮಾಷೆ ಬೇಡ.”

“ನಾನೇ ಸಾರ್,” ಎಂದಳು ಗೋಡೆಯವಳು.

ನಿರ್ದೇಶಕ ಇನ್ನೊಮ್ಮೆ ಹಾಕಿಸಿದ. ರೆಕಾರ್ಡಿಂಗಿನವನು ತಲೆ ಕೆರೆದುಕೊಂಡ. “ಉಸಿರು ಕತ್ತರಿಸೋಕೆ ಹೋದ್ರೆ ಕೋರಸ್‌ನ ಮೊದಲಕ್ಷರಾನೂ ಹೋಗುತ್ತೆ ಸಾರ್.”

“ಬಾವೀಲಿ ನೀರು ಸೇದೋ ಹಾಗೆ ಸೇದಿದ್ದೀಯಲ್ಲಮ್ಮ!” ಎಂದ ನಿರ್ದೇಶಕ. “ಹಾಳಾಗ್ಲಿ, ಇರ್ಲಿ. ನಾಳೆ ಬರುವಾಗ ಅದನ್ನ ಮನೇಲಿಟ್ಟು ಬಾ.”

ಅಷ್ಟು ಬೈಗುಳದಲ್ಲಿ ಅವಳ ಕಿವಿಗೆ ಬಿದ್ದದ್ದು ‘ನಾಳೆ’ ಒಂದೇ.

ಮೆಟ್ಟಿಲಿಳಿಯುವಾಗ ದೊಡ್ಡಕ್ಕ ತೋಳು ಚಿವುಟಿದಳು. “ಮೂಗಲ್ಲಿ ಎಳ್ಕೋಬೇಕು ಕಣೇ, ಕಳ್ಳರ ಹಾಗೆ.”

ಕಲಿತಳು. ಆಮೇಲಿನ ಎಷ್ಟೋ ಹಾಡುಗಳಲ್ಲಿ ಅವಳಿದ್ದಾಳೆ, ಹುಡುಕಿದರೆ ಸಿಗುವುದಿಲ್ಲ. ರೆಕಾರ್ಡಿನ ಹೊದಿಕೆಯ ಮೇಲೆ ಗಾಯಕಿಯ ಹೆಸರು, ನಿರ್ದೇಶಕನ ಹೆಸರು, ಕೊನೆಗೆ ಆ ಹೊದಿಕೆ ಅಚ್ಚು ಹಾಕಿದವನ ಹೆಸರಿಗೂ ಜಾಗವಿರುತ್ತಿತ್ತು. ಈ ಹೆಂಗಸರು ಮಾತ್ರ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಹೋದವರು.

ದೊಡ್ಡಕ್ಕ ಈಗಿಲ್ಲ. ಎಲ್ಲೋ ಆ ಮೊದಲ ಹಾಡು ಕೇಳಿಸಿದರೆ ಇವಳಿಗೆ ಇಂದಿಗೂ ಸೋಪಿನ ವಾಸನೆ ಬರುತ್ತದೆ. ಅದು ಮೊದಲ ಸಲ ರೇಡಿಯೊದಲ್ಲಿ ಬಂದ ಮಧ್ಯಾಹ್ನ, ಅಮ್ಮನ ಜೊತೆ ಕೇಳೋಣವೆಂದು ಲಾಂಡ್ರಿಗೆ ಓಡಿದ್ದಳು. ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಅಮ್ಮ ಯಂತ್ರಗಳನ್ನೆಲ್ಲ ನಿಲ್ಲಿಸಿ ರೇಡಿಯೊದ ಮುಂದೆ ನಿಂತಿದ್ದಳು.

“ಯಾರಪ್ಪನ ಮನೆ ಅಂದ್ಕೊಂಡಿದ್ದೀಯ?” ಮೇಸ್ತ್ರಿ ಕೂಗಾಡುತ್ತಿದ್ದ.

“ಒಂದ್ನಿಮಿಷ ಬಾಯ್ಮುಚ್ಚಯ್ಯ. ನನ್ನ ಮಗಳು ಬರ್ತಾಳೆ.”

ಚರಣ ಮುಗಿಯಿತು. ಒದ್ದೆ ಬೆಡ್‌ಶೀಟ್ ಹಿಡಿದ ಹೆಂಗಸರು ಹಿಡಿದಲ್ಲೇ ನಿಂತರು. ಆ ಮೌನ ಬಂತು, ಆ ಉಸಿರು ಬಂತು.

ಅದು ಯಾರ ಉಸಿರೆಂದು ಅಮ್ಮ ಯಾರನ್ನೂ ಕೇಳಲಿಲ್ಲ. ಕೈ ಒರೆಸಿಕೊಂಡು, ಅಂಗೈಯನ್ನು ರೇಡಿಯೊದ ಮೇಲೆ ಮೆಲ್ಲಗೆ ಇಟ್ಟಳು, ಮಗುವಿನ ಜ್ವರ ನೋಡುವವಳ ಹಾಗೆ.